ಕಪ್ಪು ಹೂಕೋಸು ಬೆಳೆದ ಅಪ್ಪ

ಮಕ್ಕಳೇ, ಹೂಕೋಸು ಯಾವ ಬಣ್ಣ ಎಂದು ಕೇಳಿದರೆ ನೀವು ಬಿಳಿ ಅನ್ನುತ್ತೀರಿ. ಅಲಹಾಬಾದಿನ ಕೃಷಿ ವಿಜ್ಞಾನಿ ಶಂಕರ್ ತ್ರಿಪಾಠಿ ಕಪ್ಪು ಹೂಕೋಸು ಬೆಳೆದು ಹೆಮ್ಮೆಯಿಂದ ಬೀಗುತ್ತಾರೆ. ನಿಜವಾಗಿ ಅಲ್ಲ, 2020ರ ಫೆಬ್ರುವರಿಯಲ್ಲಿ ತೆರೆಕಂಡ ‘ಶುಭ್ ಮಂಗಲ್ ಜ್ಯಾದಾ ಸಾವಧಾನ್’ ಎಂಬ ಹಿಂದಿ ಹಾಸ್ಯಚಿತ್ರದಲ್ಲಿ. ನಿರ್ದೇಶಕರು ಹಿತೇಶ್ ಕೇವಲ್ಯ. ಅಪ್ಪನಾಗಿ ಗಜರಾಜ್ ರಾವ್, ಅಮ್ಮನಾಗಿ ನೀನಾ ಗುಪ್ತಾ.

ಇವರ ಮಗ ಅಮನ್ ಪ್ರೀತಿಸುವುದು ಹುಡುಗಿಯನ್ನಲ್ಲ, ಕಾರ್ತಿಕ್ ಎಂಬ ಹುಡುಗನನ್ನು. ಇಂಥವರಿಗೆ ಸಲಿಂಗಪ್ರೇಮಿ ಎನ್ನುತ್ತಾರೆ. ಈಗಿನ ಹುಡುಗರು ‘ಗೇ’ ಅನ್ನುತ್ತಾರೆ. ವಿಷಯ ತಿಳಿದದ್ದೇ ತಡ, ಮನೆಯಲ್ಲಿ ರಂಪ. ಅಪ್ಪನ ಕೂಗಾಟ, ಅಮ್ಮನ ಗೋಳು, ಬೇಗನೆ ಒಬ್ಬ ಹುಡುಗಿಯನ್ನು ತಂದು ಗಂಟುಹಾಕುವ ಹುನ್ನಾರ. ಯಾರೂ ಕಂಡಿರದ ಹೂಕೋಸಿಗೆ ಹೊಲದಲ್ಲಿ ಜಾಗ ಕೊಟ್ಟ ಅಪ್ಪನಿಗೆ ಹೆತ್ತ ಮಗನಿಗೆ ಮನೆಯಲ್ಲಿ ಜಾಗ ಕೊಡಲು ಆಗುವುದಿಲ್ಲ!

ಹಳೆಯ ಸಿನಿಮಾಗಳಲ್ಲಿ ನಡಿಗೆ, ಮಾತು ಕೊಂಚ ಬೇರೆಯಾದ ಹುಡುಗ ಬಂದರೆ ಅವನೇ ನಗೆಪಾಟಲು. ಇಲ್ಲಿ ನಾವು ನಗುವುದು ಗಾಬರಿಬಿದ್ದ ದೊಡ್ಡವರನ್ನು ನೋಡಿ. ಕೊನೆಗೆ ಅಪ್ಪ ಹೇಳುವುದರ ಸಾರ ಇಷ್ಟು: ನಿನ್ನ ವಿಷಯ ನನಗೆ ಪೂರ್ತಿ ಅರ್ಥವಾಗದೇ ಇರಬಹುದು, ಅದಕ್ಕಾಗಿ ನಿನ್ನ ಬದುಕು ನಿಲ್ಲಬಾರದು. ನನ್ನ ಓರಗೆಯವರು ಕಿವಿಗೊಡಬೇಕಾದ ಮಾತು ಇದು. ಮೊಬೈಲೂ ನಮಗೆ ಪೂರ್ತಿ ಅರ್ಥವಾಗಿಲ್ಲ. ಹಾಗೆಂದು ಮೊಮ್ಮಕ್ಕಳ ಕರೆ ಬಂದರೆ ಎತ್ತದೇ ಇರುತ್ತೇವೆಯೇ?

ಇದೆಲ್ಲ ಉತ್ತರದವರ ಕಥೆ ಅನ್ನಬೇಡಿ. ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಪುಸ್ತಕ ಬರೆದ ಸಂಡೂರಿನ ವಸುಧೇಂದ್ರ ಅವರು 2013ರಲ್ಲಿ ‘ಮೋಹನಸ್ವಾಮಿ’ ಎಂಬ ಕಥಾಸಂಕಲನ ತಂದರು. ತಾನು ಉಳಿದ ಹುಡುಗರಂತಲ್ಲ ಎಂದು ಅರಿತವನ ಒಳಗುದಿ ಅದರಲ್ಲಿದೆ. ತಾವೂ ಗೇ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅಮ್ಮನನ್ನು ಅಷ್ಟು ಚಂದ ಬರೆದ ಕೈಯೇ ಇದನ್ನೂ ಬರೆದದ್ದು ಎಂಬುದನ್ನು ಅಜ್ಜಿಯರು ನೆನಪಿಡಬೇಕು.

ಕಾನೂನು ನಮಗಿಂತ ಮುಂದೆ ನಡೆದಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಒಪ್ಪಿಗೆಯಿರುವ ವಯಸ್ಕರ ಇಂಥ ಸಂಬಂಧ ಅಪರಾಧವಲ್ಲ ಎಂದರು. ಮದುವೆಗೆ ಕಾನೂನಿನ ಮಾನ್ಯತೆ ಇನ್ನೂ ಇಲ್ಲ. ನಾನು ಬ್ಯಾಂಕಿನಲ್ಲಿ ದುಡಿದವನು, ಹಾಗಾಗಿ ಇನ್ನೊಂದು ಸುದ್ದಿ ಕಣ್ಣಿಗೆ ಬಿತ್ತು: ಇಂಥ ಇಬ್ಬರು ಜಂಟಿ ಖಾತೆ ತೆರೆಯಲು, ಒಬ್ಬರಿಗೊಬ್ಬರು ನಾಮಿನಿ ಆಗಲು ಅಡ್ಡಿಯಿಲ್ಲ ಎಂದು 2024ರ ಆಗಸ್ಟಿನಲ್ಲಿ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು. ಒಂದೇ ಪಾಸ್‌ಬುಕ್ಕಿನಲ್ಲಿ ಬ್ಯಾಂಕು ಇಬ್ಬರ ಹೆಸರು ಬರೆಯುವಾಗ ಮನೆಯವರು ಹಿಂದೆ ಬಿದ್ದರೆ ಹೇಗೆ?

ನಮ್ಮ ದಾಂಡೇಲಿ, ಹಳಿಯಾಳದ ಎಷ್ಟೋ ಮಕ್ಕಳು ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಆಡುತ್ತಾರೆ. ಎರಡು ಭಾಷೆ ಭಾರವಲ್ಲ. ಮನೆಗೊಂದು ಮುಖ, ಹೊರಗೊಂದು ಮುಖ ಹೊತ್ತು ತಿರುಗುವುದು ಭಾರ. ಜೊಯಿಡಾದಿಂದಲೋ ಮುಂಡಗೋಡದಿಂದಲೋ ಧಾರವಾಡಕ್ಕೆ ಓದಲು ಹೋದ ಹುಡುಗ ಹಬ್ಬಕ್ಕೆ ಬಂದಿರುತ್ತಾನೆ. ಟಿವಿಯಲ್ಲಿ ಇಂಥವರು ಕಂಡಾಗ ನಾವು ಏನೋ ಒಂದು ಕೊಂಕು ಆಡಿ ನಗುತ್ತೇವೆ. ಮೂಲೆಯಲ್ಲಿ ಕೂತ ಅವನು ಅದನ್ನು ಕೇಳಿಸಿಕೊಳ್ಳುತ್ತಾನೆ. ತನ್ನ ಮನಸ್ಸಿನ ಮಾತು ಈ ಮನೆಯಲ್ಲಿ ಹೇಳಬೇಕೋ ಬೇಡವೋ ಎಂದು ಆಗಲೇ ತೀರ್ಮಾನ ಮಾಡಿಬಿಡುತ್ತಾನೆ. ನಮಗೆ ಅದು ಗೊತ್ತೇ ಆಗುವುದಿಲ್ಲ.

ಮಕ್ಕಳೇ, ತರಗತಿಯಲ್ಲಿ ಯಾರನ್ನಾದರೂ ‘ಹೆಣ್ಣಿಗ’ ಎಂದು ಅಣಕಿಸುತ್ತಿದ್ದರೆ ಆ ನಗುವಿಗೆ ನಿಮ್ಮ ನಗು ಸೇರಿಸಬೇಡಿ. ಬಿಸಿಯೂಟದ ಹೊತ್ತಿಗೆ ಅವನ ಪಕ್ಕ ಕೂತುಕೊಳ್ಳಿ. ನಿಮ್ಮ ಮನಸ್ಸಿನಲ್ಲೇ ಹೇಳಲಾಗದ ಮಾತೊಂದಿದ್ದರೆ, ನೀವು ನಂಬುವ ಒಬ್ಬ ದೊಡ್ಡವರಿಗೆ ಹೇಳಿ.

ಅಜ್ಜ ಅಜ್ಜಿಯರೇ, ಆ ಒಬ್ಬರು ನೀವೇ ಆಗಿರಬಹುದು. ಮೊಮ್ಮಗ ಬಂದು “ಅಜ್ಜಾ, ಒಂದು ಮಾತು ಹೇಳಬೇಕಿತ್ತು” ಎಂದರೆ ಟಿವಿ ಆರಿಸಿ, ಕೊನೆಯವರೆಗೆ ಕೇಳಿ. ಏನು ಹೇಳಬೇಕೆಂದು ತೋಚದಿದ್ದರೆ “ಏಳು, ಊಟ ಮಾಡೋಣ” ಎಂದರೂ ಸಾಕು. ಈ ಮನೆಯಲ್ಲಿ ತನ್ನ ತಟ್ಟೆ ತನಗಿದೆ ಎಂದು ಅವನಿಗೆ ಗೊತ್ತಾಗುತ್ತದೆ.