ಹಾಡು ನಮ್ಮ ರಕ್ತದಾಗ ಇಲ್ಲ, ಕಲಿಸ್ರಿ



ಸ್ವಲ್ಪ ಉದ್ದ ಪೋಸ್ಟ್. ಪೂರ್ತಿ ಓದ್ರಿ, ಆಮ್ಯಾಲೆ ಬೇಕಾದ್ರ ಬೈಯ್ರಿ.

ನಾನು ಹಾಡಿನ ಕ್ಲಾಸಿಗೆ ಸೇರಿ ಐದು ತಿಂಗಳಾತು. ವಾರಕ್ಕೆರಡು ದಿನ ಆಫೀಸು ಬಿಟ್ಟ ಮ್ಯಾಲೆ ಗದಗಿನಾಗ ಕ್ಲಾಸು ಮುಗಿಸಿ, ರಾತ್ರಿ ಬಿಂಕದಕಟ್ಟಿಗೆ ವಾಪಸ್. ನನಗ ವಯಸ್ಸು 46. ಕಲಿಸೋ ಮೇಡಂ ನನಗಿಂತ ಇಪ್ಪತ್ತು ವರ್ಷ ಸಣ್ಣವರು. ಕೀಬೋರ್ಡ್ ಇಟ್ಕೊಂಡು ಸಿನಿಮಾ ಹಾಡು, ಭಾವಗೀತೆ, ಈಗಿನ ಕಾಲದ ಹಾಡು ಹೇಳಿಕೊಡ್ತಾರ.

ಸುದ್ದಿ ಗೊತ್ತಾಗಿ ಎರಡು ಕಡೆ ನಕ್ಕರು. ಆಫೀಸಿನಾಗ ಒಬ್ರು, "ನಿಮಗ್ಯಾಕ್ರೀ ಕ್ಲಾಸು? ನಿಮ್ಮ ಮಂದಿಗೆ ಹಾಡು ರಕ್ತದಾಗ ಬಂದಿರತೈತಿ" ಅಂದ್ರು. ನಮ್ಮ ಸಂಗಾತಿಗಳು, "ಅಣ್ಣಾ, ಹೋರಾಟದ ಹಾಡಿಗೆ ಸಿಟ್ಟು ಇದ್ರ ಸಾಕು, ಸರಿಗಮ ಯಾಕ?" ಅಂದ್ರು. ಇಬ್ಬರಿಗೂ ಇಲ್ಲೇ ಉತ್ತರ ಕೊಡ್ತೀನಿ.

ಮೊದಲು ಆದದ್ದು ಹೇಳ್ತೀನಿ. ಇಪ್ಪತ್ತು ವರ್ಷದಿಂದ ಹಲಗಿ ಹಿಡಿದು ಹಾಡಿದವನು ನಾನು. ಕಳೆದ ಏಪ್ರಿಲ್ 14ರ ಜಯಂತಿಯಲ್ಲಿ ಅರ್ಧ ಹಾಡಿಗೇ ದನಿ ನಿಂತು ಹೋತು. ಗಂಟಲ ಡಾಕ್ಟರು ನೋಡಿ, ಧ್ವನಿ ತಂತುಗಳ ಮ್ಯಾಲೆ ಗಂಟು ಆಗ್ಯಾವ ಅಂದ್ರು. ನಾವು ಮಾತಾಡುವಾಗ ಗಂಟಲಿನೊಳಗಿನ ಆ ಎರಡು ಪದರಗಳು ಸೆಕೆಂಡಿಗೆ ನೂರಕ್ಕಿಂತ ಹೆಚ್ಚು ಸಲ ಒಂದಕ್ಕೊಂದು ಬಡಿತಾವಂತ. ವರ್ಷಗಟ್ಟಲೆ ಒತ್ತಿ ಕೂಗಿದರೆ, ಗುದ್ದಲಿ ಹಿಡಿದ ಕೈಗೆ ಜಡ್ಡು ಬಿದ್ದಂಗ ಅಲ್ಲೂ ಬೀಳತೈತಿ. "ಹಾಡೋದು ಬಿಡಬೇಕೇನ್ರಿ?" ಅಂತ ಕೇಳಿದೆ. "ಕೆಲವು ವಾರ ದನಿಗೆ ವಿಶ್ರಾಂತಿ ಕೊಡ್ರಿ, ಆಮ್ಯಾಲೆ ಸರಿಯಾಗಿ ಹಾಡೋದು ಕಲೀರಿ" ಅಂದ್ರು.

ಮೊದಲ ದಿನ ಕ್ಲಾಸಿನಾಗ ಹಾಡೇ ಇಲ್ಲ. ಉಸಿರು. ಭುಜ ಎತ್ತಬಾರದು, ಪಕ್ಕೆ ಹೊಟ್ಟೆ ಅಗಲ ಆಗಬೇಕು, ಉಸಿರನ್ನು ಒಮ್ಮೆಲೇ ಚೆಲ್ಲದೆ ಸ್ವಲ್ಪ ಸ್ವಲ್ಪ ಬಿಡಬೇಕು. ತುಟಿ ಬುರ್ರ್ ಅನ್ನಿಸೋದು, ಬಾಯಿ ಮುಚ್ಚಿ ಗುನುಗೋದು. ಆಮ್ಯಾಲೆ ನನ್ನ ಶ್ರುತಿ ಯಾವುದು ಅಂತ ಹುಡುಕಿದ್ರು. ಇಪ್ಪತ್ತು ವರ್ಷ ತಂಡದವರ ಶ್ರುತಿಗೆ ನನ್ನ ಗಂಟಲು ಹರಕೊಂಡಿದ್ದೆ ಅನ್ನೋದು ಅವತ್ತು ಗೊತ್ತಾತು.

ಎರಡನೇ ವಾರ ಮೇಡಂ, "ಸರ್, ಕೂಗಬ್ಯಾಡ್ರಿ, ಪಿಸುಗುಡಬ್ಯಾಡ್ರಿ, ಎದುರಿಗಿದ್ದವರಿಗೆ ಹೇಳೋಹಂಗ ಹಾಡ್ರಿ" ಅಂದ್ರು. ನನಗ ಆಗಲಿಲ್ಲ ಬಂಧುಗಳೇ. ನನ್ನ ಹತ್ರ ಎರಡೇ ದನಿ ಇದ್ವು. ಒಂದು ಸಾಹೇಬರ ಮುಂದ ಫೈಲ್ ಹಿಡಿದು "ಸರ್" ಅನ್ನೋ ಸಣ್ಣ ದನಿ. ನಮ್ಮಪ್ಪ ಗೌಡ್ರ ಕಟ್ಟಿ ಕೆಳಗ ನಿಂತು ಮಾತಾಡಿದ ದನಿ ಅದು. ಇನ್ನೊಂದು ಧರಣಿಯ ಘೋಷಣೆ. ಸಮಾನರ ನಡುವೆ ಕೂತು, ತಲೆ ಎತ್ತಿ, ಸಮಾಧಾನದಿಂದ ಮಾತಾಡೋ ನಡುವಿನ ದನಿ ನಮಗ ಯಾರೂ ಕಲಿಸಿರಲಿಲ್ಲ. ಬಾಬಾಸಾಹೇಬರು 1920ರಲ್ಲಿ ತಮ್ಮ ಮೊದಲ ಪತ್ರಿಕೆಗೆ 'ಮೂಕನಾಯಕ' ಅಂತ ಸುಮ್ಮನೆ ಹೆಸರಿಟ್ರೇನು?

ಈಗ "ರಕ್ತ"ದವರಿಗೆ ಉತ್ತರ. ನೀವು ಹೊಗಳ್ತಿಲ್ಲ, ಬಾಗಿಲು ಹಾಕ್ತಿದ್ದೀರಿ. ಇದೇ ಮಾತು ಒಂಬತ್ತನೇ ಕ್ಲಾಸಿನ ನನ್ನ ಮಗಳಿಗೂ ಒಬ್ಬರು ಹೇಳ್ಯಾರ. ಹೇಳಿದವರ ಮಗಳು ಮಾತ್ರ ವಾರಕ್ಕ ಮೂರು ದಿನ ಸಂಗೀತ ಕ್ಲಾಸಿಗೆ ಹೋಗ್ತಾಳ. ಅವಳಿಗೆ ರಕ್ತ ಕಮ್ಮಿ ಬಿತ್ತೇನು?

ಗದಗಿನ ಇತಿಹಾಸ ನೋಡ್ರಿ. ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರುವನ್ನು ಹುಡುಕಿ ಮನೆ ಬಿಟ್ಟು ಹೋದ್ರು. ಊರೂರು ಅಲೆದು ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಹತ್ರ ಕಲಿತ್ರು. ಗಂಗೂಬಾಯಿ ಹಾನಗಲ್ಲರನ್ನ ಬೀದಿಯಲ್ಲಿ 'ಗಾನೇವಾಲಿ' ಅಂತ ಹಂಗಿಸ್ತಿದ್ರು. ಅವರು ಹುಬ್ಬಳ್ಳಿಯಿಂದ ಅದೇ ಕುಂದಗೋಳಕ್ಕೆ ರೈಲಿನಾಗ ಹೋಗಿ ಕಲಿತ್ರು. ಗಂಟಲಿನ ಚಿಕಿತ್ಸೆ ಆದ ಮ್ಯಾಲೆ ದನಿ ಗಡುಸಾತು, ಆ ಗಡಸು ದನಿಗೇ ಸಾಧನೆ ಮಾಡಿ ದೇಶ ಗೆದ್ರು. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕುರುಡ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ವರ್ಷಗಟ್ಟಲೆ ಕಲಿಸಿದ್ರು. ಹಾಡು ಕಲಿಸಿದ್ರ ಬರತೈತಿ ಅನ್ನೋದಕ್ಕ ಈ ಊರಿಗಿಂತ ಬೇರೆ ಸಾಕ್ಷಿ ಬೇಕಾ?

ಇನ್ನ ನಮ್ಮವರಿಗೆ. ದಲಿತ ಸಂಘರ್ಷ ಸಮಿತಿಯ ಆರಂಭದ ದಿನಗಳಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳನ್ನ ಮೈಕಿಲ್ಲದ ಕೇರಿಗಳಲ್ಲಿ ಎದೆ ಹರಿಯುವಂಗ ಹಾಡಿದವರಿಗೆ ನಾನು ಕೈ ಮುಗೀತೀನಿ. ಅವರ ಕೊರಳಿನ ಋಣ ನಮ್ಮ ಮೇಲಿದೆ. ಆದರೆ ಗಂಟಲು ಹಾಳು ಮಾಡಿಕೊಳ್ಳೋದು ಕ್ರಾಂತಿ ಅಲ್ಲ. ಉಸಿರು ಹಿಡಿಯೋದು ಕಲಿತ್ರ ಸಿಟ್ಟು ಕಮ್ಮಿ ಆಗಲ್ಲ, ಹಾಡಿನ ಕೊನೆ ಸಾಲಿನವರೆಗೂ ಉಳಿತೈತಿ. ಸ್ವರ ಯಾವ ಜಾತಿಯ ಅಪ್ಪನ ಮನೆ ಆಸ್ತಿನೂ ಅಲ್ಲ. ಅದನ್ನ "ಅವರದು" ಅಂತ ನಾವೇ ಬಿಟ್ಟುಕೊಟ್ರ ಅವರ ಕೆಲಸ ನಾವೇ ಮಾಡಿದಂಗ.

ಇನ್ನೊಂದು ಮಾತು. ಸರ್ಕಾರಿ ಉತ್ಸವದಾಗ ನಮ್ಮ ಹಲಗಿಯವರು ಬಿಸಿಲಾಗ ಮೆರವಣಿಗೆ ಮುಂದ ನಡೀತಾರ. ಒಳಗ ವೇದಿಕೆ ಮ್ಯಾಲೆ ಫ್ಯಾನ್ ಕೆಳಗ ಹಾಡೋರು ಬೇರೆ. ಕಾರಣ ಕೇಳಿದ್ರ "ಅವರು ಕಲಿತವರು" ಅಂತಾರ. ಹಂಗಾದ್ರ ನಮಗೂ ಕಲಿಸ್ರಿ! ಸಮಾಜ ಕಲ್ಯಾಣ ಇಲಾಖೆಯ ಪ್ರತಿ ಹಾಸ್ಟೆಲಿಗೆ ವಾರಕ್ಕೊಮ್ಮೆಯಾದ್ರೂ ಒಬ್ಬ ಸಂಗೀತ ಶಿಕ್ಷಕರನ್ನ ಕಳಿಸ್ರಿ. ನಾವೂ ಜಯಂತಿಗೆ ಡಿಜೆಗೆ ಸುರಿಯೋ ಪಟ್ಟಿ ದುಡ್ಡಿನಾಗ ಅರ್ಧ ತೆಗೆದು ಕೇರಿ ಮಕ್ಕಳ ಕ್ಲಾಸಿಗೆ ಇಡೋಣ. ಡಿಜೆ ಜೋರಾದಷ್ಟೂ ನಮ್ಮ ಮಕ್ಕಳ ದನಿ ಕೇಳಿಸಲ್ಲ.

ಹೋದ ತಿಂಗಳು ಆಫೀಸಿನ ಮೀಟಿಂಗಿನಾಗ ಮೊದಲ ಸಲ ಎದ್ದು ನಿಂತು ಬಡ್ತಿ ಪಟ್ಟಿಯ ತಪ್ಪು ಹೇಳಿದೆ. ಕೂಗಲಿಲ್ಲ, ನಡುಗಲಿಲ್ಲ. ಪಟ್ಟಿ ಇನ್ನೂ ತಿದ್ದಿಲ್ಲ, ಮುಂದಿನ ಮೀಟಿಂಗಿನಾಗ ಮತ್ತ ಕೇಳ್ತೀನಿ. ಧೈರ್ಯ ಬಂದದ್ದು ಭಾಷಣ ಕೇಳಿ ಅಲ್ಲ, ದಿನಾ ಅರ್ಧ ತಾಸು ಉಸಿರಿನ ಅಭ್ಯಾಸ ಮಾಡಿ.

ನಾನು ಗುರು ಅಲ್ಲ. ಆದ್ರ ಕಲಿತ ಆ ಉಸಿರಿನ ಪಾಠವನ್ನ ಪ್ರತಿ ರವಿವಾರ ಬೆಳಗ್ಗೆ 7ಕ್ಕೆ ನಮ್ಮ ಕೇರಿಯ ಸಮುದಾಯ ಭವನದಾಗ ಹೇಳಿಕೊಡ್ತೀನಿ. ಫೀ ಇಲ್ಲ. ಹೆಣ್ಣುಮಕ್ಕಳನ್ನ ಮೊದಲು ಕಳಿಸ್ರಿ. ನನ್ನ ಮಗಳು ಮೊದಲ ಚಾಪೆ ಹಾಸಿ ಕೂತಿರ್ತಾಳ.

ಜೈ ಭೀಮ್.