ತೋಟ ನೋಡಲು ಇಂಗ್ಲೆಂಡಿಗೇ ಹೋಗಬೇಕೆ?

ನಮ್ಮ ಸಾಹಿತ್ಯ ಕೂಟದ ಕಳೆದ ಸಭೆಯಲ್ಲಿ ವಾರ್ಷಿಕ ಪ್ರವಾಸದ ಮಾತು ಬಂತು. ಈ ಸಲ ಲೋನಾವಳಾ ಬೇಡ, ಮಹಾಬಳೇಶ್ವರವೂ ಬೇಡ, ಪುಣೆಯ ಹಳೆಯ ತೋಟಗಳನ್ನೇ ಹತ್ತು-ಹನ್ನೆರಡು ಜನ ಸೇರಿ ನಿಧಾನವಾಗಿ ನೋಡೋಣ ಅಂತ ನಾನು ಸಲಹೆ ಕೊಟ್ಟೆ. ಎಲ್ಲರೂ ನಕ್ಕರು. "ಸಾರಸಬಾಗಿಗೆ ಭೇಳ್ ತಿನ್ನಲಿಕ್ಕೆ ವಾರವಾರ ಹೋಗ್ತೀವಲ್ಲೋ, ಅದಕ್ಕೆ ಕೂಟದ ದುಡ್ಡು ಯಾಕೆ?" ಅಂದ ಒಬ್ಬ ಹಿರಿಯ ಗೆಳೆಯ. ಇನ್ನೊಬ್ಬರು, "ತೋಟಕ್ಕೂ ಸಾಹಿತ್ಯಕ್ಕೂ ಏನ್ರೀ ಸಂಬಂಧ?" ಅಂದರು. ನನಗೆ ಯಾವಾಗಲೂ ಸರಿಯಾದ ಉತ್ತರ ತೋಚುವುದು ರೂಮಿಗೆ ಬಂದು ಚಪ್ಪಲಿ ಬಿಟ್ಟ ಮೇಲೆ. ಹಾಗಾಗಿ ಸಂಪಾದಕರನ್ನು ಕೇಳಿ ಇಷ್ಟು ಜಾಗ ಪಡೆದಿದ್ದೇನೆ.

ಈ ಹುಚ್ಚು ಹತ್ತಿದ್ದು ಕಚೇರಿಯಲ್ಲಿ. ಕಾಲೇಜು ಮುಗಿದ ಮೇಲೆ ನಾನು ಒಂದು ಪ್ರವಾಸ ಕಂಪನಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಂದು ದಿನ ಯಜಮಾನರು ಹೊಸ ಯೋಜನೆಯ ಕಾಗದ ನನ್ನ ಮುಂದಿಟ್ಟು ಖರ್ಚು ಹಾಕಲು ಹೇಳಿದರು. ಇಂಗ್ಲೆಂಡಿನ ಹಳ್ಳಿಗಾಡಿನ ಐತಿಹಾಸಿಕ ಉದ್ಯಾನಗಳು, ಹನ್ನೆರಡೇ ಜನರ ತಂಡ. ಒಬ್ಬರಿಗೆ ಬಂದ ಮೊತ್ತ ನೋಡಿ ಪೆನ್ನು ಕೆಳಗಿಟ್ಟೆ. ನಮ್ಮಪ್ಪನ ಎರಡು ವರ್ಷದ ಗಳಿಕೆ ಅದು! ತಪ್ಪಾಯಿತೇನೋ ಅಂತ ಮತ್ತೆ ಕೂಡಿದೆ. ಸರಿಯಾಗಿಯೇ ಇತ್ತು.

ಕಾಮರ್ಸಿನವರಿಗೆ ಇದು ಗೊತ್ತು. ಬಸ್ಸು, ಡ್ರೈವರು, ಗೈಡು ಇವು ಸ್ಥಿರ ವೆಚ್ಚ. ನಲವತ್ತು ಜನರ ಮೇಲೆ ಹಂಚಿದರೆ ಹಗುರ, ಹನ್ನೆರಡರ ಮೇಲೆ ಹಂಚಿದರೆ ಭಾರ. ಅಂದರೆ ಜನ ಕಡಿಮೆ ಇರಲಿ ಅಂತಲೇ ಜನ ಹೆಚ್ಚು ಹಣ ಕೊಡುತ್ತಾರೆ. ಮೊದಲು ಇದು ಶ್ರೀಮಂತರ ಶೋಕಿ ಅಂದುಕೊಂಡೆ. ಆಮೇಲೆ ನಮ್ಮ ಹೋದ ವರ್ಷದ ಪ್ರವಾಸ ನೆನಪಾಯಿತು. ಐವತ್ತು ಜನ ಒಂದೇ ಬಸ್ಸಿನಲ್ಲಿ ಹೋದೆವು; ಇಳಿ, ಫೋಟೋ ತೆಗಿ, ಹತ್ತು. ಯಾವ ಪಾಯಿಂಟಿನಲ್ಲಿ ಏನು ನೋಡಿದೆವು ಅಂತ ಈಗ ಕೇಳಿದರೆ ನನಗಂತೂ ಬಸ್ಸಿನ ಅಂತ್ಯಾಕ್ಷರಿ ಮಾತ್ರ ನೆನಪಿದೆ. ಹನ್ನೆರಡು ಜನರಿದ್ದರೆ ನಿಂತು ಒಂದು ಪ್ರಶ್ನೆ ಕೇಳಬಹುದು. ಅವರು ದುಡ್ಡು ಕೊಡುವುದು ಆ ನಿಲ್ಲುವುದಕ್ಕೆ.

ಲೆಕ್ಕ ಹಾಕುವ ನೆಪದಲ್ಲಿ ಆ ತೋಟಗಳ ಬಗ್ಗೆ ಓದಿಕೊಂಡೆ. ಇಂಗ್ಲಿಷು ನನಗೆ ನಿಧಾನ, ಹತ್ತನೆಯವರೆಗೆ ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆ ನಂದು. ಆದರೂ ಓದಿದೆ. ವಿಲ್ಟ್‌ಷೈರಿನ ಸ್ಟೌರ್‌ಹೆಡ್ ತೋಟ ಮಾಡಿಸಿದವನು ಹೆನ್ರಿ ಹೋರ್ ಎಂಬ ಬ್ಯಾಂಕರ್. ಅವನ ಮನೆತನ 1672ರಲ್ಲಿ ಶುರುಮಾಡಿದ ಬ್ಯಾಂಕು ಇಂದಿಗೂ ನಡೆಯುತ್ತಿದೆ. ಒಬ್ಬ ಬ್ಯಾಂಕರ್ ನೀರಿಗೆ ಒಡ್ಡು ಕಟ್ಟಿ ಕೆರೆ ಮಾಡಿ, ಸುತ್ತ ಗುಡಿಯಂಥ ಮಂಟಪಗಳನ್ನು ಇಟ್ಟು, ನಡೆಯುತ್ತ ಹೋದಂತೆ ಒಂದೊಂದೇ ಕಾಣುವ ಹಾಗೆ ಮಾಡಿದ್ದಾನೆ ಅಂದರೆ ನಮ್ಮಂಥ ಬಿ.ಕಾಂ.ನವರಿಗೂ ಸ್ವಲ್ಪ ಆಸೆ ಹುಟ್ಟಬೇಕು. 1946ರಲ್ಲಿ ಆ ಮನೆತನ ಅದನ್ನು ನ್ಯಾಷನಲ್ ಟ್ರಸ್ಟಿಗೆ ಕೊಟ್ಟಿತು.

ಆದರೆ ಓದುತ್ತ ಹೋದರೆ ಇನ್ನೊಂದು ಮುಖವೂ ಕಾಣಿಸಿತು. ಡಾರ್ಸೆಟ್‌ನಲ್ಲಿ ಲಾರ್ಡ್ ಮಿಲ್ಟನ್ ಎಂಬ ಜಮೀನುದಾರನಿಗೆ ತನ್ನ ಮನೆಯ ಪಕ್ಕದ ಊರು ಕಣ್ಣಿಗೆ ಅಡ್ಡ ಬಂತು. ಆ ಊರನ್ನೇ ಕೆಡವಿಸಿ, ದೂರದಲ್ಲಿ ಹೊಸ ಹಳ್ಳಿ ಕಟ್ಟಿಸಿದ. 1780ರ ಸುಮಾರಿನ ಮಾತು. ಅದೇ ಈಗಿನ ಮಿಲ್ಟನ್ ಆಬಸ್ ಹಳ್ಳಿ. ಸಾಲಾಗಿ ಒಂದೇ ಥರದ ಹುಲ್ಲುಚಾವಣಿಯ ಮನೆಗಳು, ಪ್ರವಾಸಿಗಳು ಈಗ ಅದರ ಚೆಲುವು ನೋಡಲು ಹೋಗುತ್ತಾರೆ. ಆ ಭೂಮಿಗೆ ಹೊಸ ರೂಪ ಕೊಟ್ಟವನು ಆ ಕಾಲದ ಪ್ರಖ್ಯಾತ ತೋಟಗಾರ ಕೇಪೆಬಿಲಿಟಿ ಬ್ರೌನ್. ಇನ್ನೊಂದು ತಮಾಷೆ: ಆ ತೋಟಗಳಲ್ಲಿ ಬೇಲಿಯೇ ಕಾಣುವುದಿಲ್ಲ. ನೆಲದಲ್ಲಿ ಆಳವಾದ ಕಂದಕ ತೋಡಿ ಅದರೊಳಗೆ ಗೋಡೆ ಇಡುತ್ತಿದ್ದರು. ದನ ಈಚೆ ಬರುವುದಿಲ್ಲ, ಮನೆಯಿಂದ ನೋಡುವ ದೊರೆಗೆ ಮಾತ್ರ ಹುಲ್ಲುಗಾವಲು ಕ್ಷಿತಿಜದವರೆಗೂ ತನ್ನದೇ ಅನ್ನಿಸುತ್ತದೆ. ಅದಕ್ಕೆ ಅವರು 'ಹಾ-ಹಾ' ಅಂತ ಹೆಸರಿಟ್ಟಿದ್ದಾರೆ. ನಮ್ಮ ಕಡೆ ಮುಳ್ಳುಬೇಲಿ ಎಲ್ಲರಿಗೂ ಕಾಣುತ್ತದೆ, ಅಷ್ಟು ಪ್ರಾಮಾಣಿಕತೆ ನಮ್ಮಲ್ಲಿದೆ.

ಇದೆಲ್ಲ ಓದಿ ಮುಗಿಸಿದ ರಾತ್ರಿ ನನಗೆ ಕುಮಟಗಿ ನೆನಪಾಯಿತು. ನಮ್ಮ ಅಜ್ಜಿಯ ತವರು ಆ ಕಡೆ. ವಿಜಯಪುರದಿಂದ ಪೂರ್ವಕ್ಕೆ ಸುಮಾರು 20 ಕಿಲೋಮೀಟರು. ಬೇಸಿಗೆ ರಜೆಯಲ್ಲಿ ಅಲ್ಲಿಯ ಹಳೇ ಮಂಟಪಗಳ ಹತ್ತಿರ ನಾವು ಹುಡುಗರು ಆಡು ಬಿಟ್ಟುಕೊಂಡು ಚಿಣ್ಣಿದಾಂಡು ಆಡುತ್ತಿದ್ದೆವು. ಅದು ಆದಿಲಶಾಹಿಗಳ ವಿಹಾರಸ್ಥಳ, ಕೊಳವೆಯಲ್ಲಿ ನೀರು ಮೇಲೇರಿಸಿ ಚಾವಣಿಯಿಂದ ಮಳೆಯಂತೆ ಸುರಿಸುತ್ತಿದ್ದರು, ಗೋಡೆಯ ಮೇಲೆ ಚೌಗಾನ್ ಆಡುವ ಕುದುರೆ ಸವಾರರ ಚಿತ್ರಗಳಿದ್ದವು ಎಂಬುದು ನನಗೆ ಗೊತ್ತಾದದ್ದು ಪುಣೆಗೆ ಬಂದ ಮೇಲೆ, ಹತ್ತೊಂಬತ್ತನೆಯ ವಯಸ್ಸಿನಲ್ಲಿ! ಆ ಗೋಡೆಗೆ ಬೆನ್ನು ಹಚ್ಚಿ ನಾನು ರೊಟ್ಟಿ ತಿಂದಿದ್ದೇನೆ. ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಲಾಲ್‌ಬಾಗಿನ ಮಾತು ಬೇರೆ. ಹೈದರಾಲಿ 1760ರಲ್ಲಿ ಶುರುಮಾಡಿದ್ದು, ಗಾಜಿನ ಮನೆ 1889ರದ್ದು, ಕ್ಯೂ ಉದ್ಯಾನದಲ್ಲಿ ಪಳಗಿದ ಜರ್ಮನಿಯ ಕ್ರುಂಬಿಗಲ್ ಬಂದು ದುಡಿದದ್ದು, ಇದೆಲ್ಲ ಬೆಂಗಳೂರಿನವರು ಎಷ್ಟೋ ಸಲ ಬರೆದಿದ್ದಾರೆ. ಕುಮಟಗಿಯ ಬಗ್ಗೆ ಬರೆಯುವವರು ಯಾರು?

ಇರಲಿ, ಪುಣೆಗೆ ಬರೋಣ. ಈ ಊರಿನಲ್ಲಿ ಯಾವ ಬಸ್ಸಿನ ಬೋರ್ಡು ನೋಡಿದರೂ ಒಂದು 'ಬಾಗ್' ಇರುತ್ತದೆ. ತುಳಶಿಬಾಗ್, ಹಿರಾಬಾಗ್, ರಮಣಬಾಗ್, ವಿಶ್ರಾಮಬಾಗ್. ಇಳಿದು ಹುಡುಕಿದರೆ ತೋಟ ಎಲ್ಲಿದೆ? ತುಳಶಿಬಾಗಿನಲ್ಲಿ ಹಿಂದೆ ತುಳಸಿಯ ತೋಟವಿತ್ತು, 1760ರ ದಶಕದಲ್ಲಿ ರಾಮನ ಗುಡಿ ಬಂತು, ಈಗ ಬಳೆ, ಪಾತ್ರೆ, ಕ್ಲಿಪ್ಪುಗಳ ಸಂತೆ. ನಮ್ಮ ಕೂಟದ ಸೋದರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಿರಿಯ ಗೆಳೆಯ ಹಾಸ್ಯ ಮಾಡಿದ ಸಾರಸಬಾಗನ್ನೇ ನೋಡಿ. ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ ಪರ್ವತಿ ಗುಡ್ಡದ ಕೆಳಗೆ ದೊಡ್ಡ ಕೆರೆ ತೋಡಿಸಿ, ಅದರ ನಡುವೆ ಒಂದು ನಡುಗಡ್ಡೆ ಬಿಟ್ಟರು. ಆ ನಡುಗಡ್ಡೆಯ ತೋಟವೇ ಸಾರಸಬಾಗ್. 1784ರಲ್ಲಿ ಸವಾಯಿ ಮಾಧವರಾಯ ಅಲ್ಲಿ ಗಣಪತಿಯನ್ನು ಕೂಡ್ರಿಸಿದ. ಕೆರೆ ಈಗ ಇಲ್ಲ, ತುಂಬಿ ಹುಲ್ಲು ಬೆಳೆಸಿದ್ದಾರೆ. ಗುಡಿಯ ಸುತ್ತ ಒಂದು ಸಣ್ಣ ಕೊಳ ಉಳಿದಿದೆ. ಆದರೆ ಜನ ಇವತ್ತಿಗೂ ಆ ದೇವರಿಗೆ 'ತಳ್ಯಾತಲಾ ಗಣಪತಿ', ಅಂದರೆ ಕೆರೆಯೊಳಗಿನ ಗಣಪ ಅಂತಲೇ ಕರೆಯುತ್ತಾರೆ. ಭೇಳ್ ತಿನ್ನುತ್ತ ನಾವು ಕೂರುವ ಜಾಗ ಕೆರೆಯ ತಳ. ಇದು ಗೊತ್ತಿದ್ದು ತಿಂದರೆ ಭೇಳಿನ ರುಚಿ ಕೆಡುವುದಿಲ್ಲ.

ಶನಿವಾರವಾಡೆಯ ಹಜಾರಿ ಕಾರಂಜೆಯ ಕಥೆಯೂ ಅಷ್ಟೇ. ಕಮಲದ ಆಕಾರದ ಆ ಕಾರಂಜಿಯನ್ನು ಮಾತ್ರ ನೋಡಿದರೆ ಸಾಲದು. ಕಾತ್ರಜದ ಕೆರೆಯಿಂದ ಊರೊಳಗಿನ ವಾಡೆಯವರೆಗೆ ನೆಲದಡಿ ಕಾಲುವೆಯಲ್ಲಿ ನೀರು ತಂದವರನ್ನು ನೆನೆಯಬೇಕು. 1828ರ ಬೆಂಕಿಯಲ್ಲಿ ವಾಡೆ ಸುಟ್ಟುಹೋಯಿತು, ಉಳಿದದ್ದು ಕೋಟೆ ಮತ್ತು ಅಡಿಪಾಯ. ಎಂಪ್ರೆಸ್ ಗಾರ್ಡನ್ನಿಗೆ ವಿಕ್ಟೋರಿಯಾ ರಾಣಿಯ ಬಿರುದೇ ಹೆಸರಾಯಿತು. ಅಲ್ಲಿ ಜನವರಿಯಲ್ಲಿ ಹೂವಿನ ಪ್ರದರ್ಶನ ನಡೆಯುತ್ತದೆ, ಆಗ ಹೋಗಬೇಡಿ, ಹೂವಿಗಿಂತ ಜನವೇ ಹೆಚ್ಚು. ಬೇರೆ ದಿನ ಹೋಗಿ ಅಲ್ಲಿಯ ದೈತ್ಯ ಬಳ್ಳಿಯನ್ನು ನೋಡಿ. ಮರಾಠಿಯಲ್ಲಿ ಗಾರಂಬಿ ಅನ್ನುತ್ತಾರೆ. ಶಿರಸಿಯ ನನ್ನ ರೂಮ್‌ಮೇಟ್ ಅದನ್ನು ನೋಡಿ, "ಇದು ನಮ್ಮ ಹಲ್ಲೇಕಾಯಿ ಬಳ್ಳಿ ಮಾರಾಯಾ!" ಅಂತ ಊರಿನ ನೆಂಟರನ್ನು ಕಂಡವನ ಹಾಗೆ ಕೂಗಿದ. 2019-20ರಲ್ಲಿ ಆ ತೋಟದ ಒಂದಿಷ್ಟು ಜಾಗದಲ್ಲಿ ಸರಕಾರಿ ವಸತಿಗೃಹ ಕಟ್ಟುವ ಮಾತು ಬಂದಾಗ ಪುಣೆಯ ಜನ ಸಹಿ ಮಾಡಿ ವಿರೋಧಿಸಿದರು. ಸಹಿ ಮಾಡಿದವರು ಆ ತೋಟದಲ್ಲಿ ಎಂದಾದರೂ ನಿಧಾನವಾಗಿ ನಡೆದವರೇ ಇರಬೇಕು. ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನ ಹಳೆಯದಲ್ಲ, ಜಪಾನಿನ ಓಕಾಯಾಮಾದ ಮುನ್ನೂರು ವರ್ಷದ ಕೊರಾಕುಎನ್ ತೋಟದ ಮಾದರಿಯಲ್ಲಿ ಹತ್ತು ಎಕರೆಯಲ್ಲಿ ಮಾಡಿದ್ದು. ಪು.ಲ. ಬೆಳಗಾವಿಯಲ್ಲಿ ಪಾಠ ಹೇಳಿದವರು, ಅಷ್ಟರಮಟ್ಟಿಗೆ ನಮ್ಮವರೂ ಹೌದು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಎರಡು ತಿಂಗಳ ಹಿಂದೆ ಇನ್ನೂರು ರೂಪಾಯಿ ಕೊಟ್ಟು ಇಲ್ಲಿಯದೇ ಒಂದು ಹಳೆಯ ತೋಟದ ನಡಿಗೆಗೆ ಹೋಗಿದ್ದೆ. ಯಾವ ತೋಟ ಅಂತ ಬರೆಯುವುದು ಬೇಡ. ಒಂಬತ್ತು ಜನರಿದ್ದೆವು. ಗೈಡು ಒಳ್ಳೆಯ ಮನುಷ್ಯ, ಪ್ರತಿ ಗಿಡಕ್ಕೂ ಲ್ಯಾಟಿನ್ ಹೆಸರು ಹೇಳಿದರು. ನಾನು ಬರೆದುಕೊಳ್ಳುತ್ತ ಹಿಂದೆ ಬಿದ್ದೆ. ಪಾತಿಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ನಾನು ಮೊಬೈಲಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, "ಯಾವೂರು ತಮ್ಮಾ ನಿಂದು?" ಅಂದಳು.

"ಅಕ್ಕಲಕೋಟಿ ತಾಲೂಕು ಯವ್ವಾ. ನಿಮ್ದು?"

"ನಾವು ಇಂಡಿ ಕಡ್ಯಾವ್ರು. ಅವ್ರು ಈ ಗಿಡಕ್ಕ ಏನಂದ್ರು?"

"ಪೊಂಗಾಮಿಯಾ ಅಂದ್ರು."

ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. "ಹುಲಗಲಕ್ಕ ಹಂಗಂತಾರೇನು! ಇದರ ಎಣ್ಣಿ ತುರಿಕಿಗಿ ಹಚ್ಚತೀವಲ್ಲ ನಾವು."

ಹುಲಗಲ! ಹೊಂಗೆ ಅಂತ ಪಠ್ಯಪುಸ್ತಕದಲ್ಲಿ ಓದಿದ್ದೆ, ಕರಂಜ ಅಂತ ಇಲ್ಲಿ ಕೇಳಿದ್ದೆ, ಪೊಂಗಾಮಿಯಾ ಅಂತ ಈಗ ತಾನೆ ಬರೆದುಕೊಂಡಿದ್ದೆ. ನಮ್ಮ ಹೊಲದ ಬದುವಿನ ಗಿಡವೇ ಅದು ಅಂತ ಮಾತ್ರ ಹೊಳೆದಿರಲಿಲ್ಲ. ಆಕೆ ಆ ತೋಟದಲ್ಲಿ ಹನ್ನೊಂದು ವರ್ಷದಿಂದ ಇದ್ದಾಳಂತೆ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಯಾವ ಮರದ ಟೊಂಗೆ ಗಾಳಿಗೆ ಬೀಳುವಂತಿದೆ, ಯಾವ ಪಾತಿಯಲ್ಲಿ ಹಿಂದೆ ಗುಲಾಬಿ ಇತ್ತು, ಎಲ್ಲ ಹೇಳಿದಳು. ಗೈಡು ಕಾಯುತ್ತಿದ್ದರು, ಓಡಿದೆ. ಆಕೆಯ ಹೆಸರನ್ನೂ ಕೇಳಲಿಲ್ಲ. ಲ್ಯಾಟಿನ್ ಹೆಸರು ಇಪ್ಪತ್ತಾರು ಬರೆದುಕೊಂಡಿದ್ದೆ.

ಸಿಸ್ಸಿಂಗ್‌ಹರ್ಸ್ಟ್ ಅಂತ ಒಂದು ತೋಟವಿದೆ ಆ ಇಂಗ್ಲೆಂಡ್ ಪ್ರವಾಸದಲ್ಲಿ. ವೀಟಾ ಸ್ಯಾಕ್‌ವಿಲ್-ವೆಸ್ಟ್ ಎಂಬ ಲೇಖಕಿ ಗಂಡನ ಜೊತೆ 1930ರಲ್ಲಿ ಹಾಳುಬಿದ್ದ ಜಾಗ ಕೊಂಡು ಮಾಡಿದ್ದು. 1959ರಲ್ಲಿ ಅಲ್ಲಿಗೆ ಮುಖ್ಯ ತೋಟಗಾರರಾಗಿ ಬಂದ ಪಮೇಲಾ ಶ್ವೆರ್ಟ್, ಸಿಬಿಲ್ ಕ್ರಾಯ್ಟ್‌ಸ್‌ಬರ್ಗರ್ ಎಂಬ ಇಬ್ಬರು ಹೆಂಗಸರು ಸುಮಾರು ಮೂರು ದಶಕ ದುಡಿದರು. ಆ ತೋಟದ ಚರಿತ್ರೆ ಹೇಳುವವರು ಅವರಿಬ್ಬರ ಹೆಸರನ್ನೂ ಹೇಳುತ್ತಾರೆ. ಊರು ಕೆಡವಿ ತೋಟ ಮಾಡಿದ ದೇಶವೇ ಅದು, ಒಪ್ಪುತ್ತೇನೆ. ಆದರೆ ಮಣ್ಣಿನಲ್ಲಿ ಕೈ ಇಟ್ಟವರ ಹೆಸರು ಬರೆದಿಡುವುದನ್ನು ಅವರಿಂದ ಕಲಿತರೆ ನಮಗೇನೂ ನಷ್ಟವಿಲ್ಲ. ನಮ್ಮ ಫಲಕಗಳಲ್ಲಿ ಪೇಶ್ವೆ ಇದ್ದಾನೆ, ರಾಣಿ ಇದ್ದಾಳೆ, ಉದ್ಘಾಟಿಸಿದ ಮಂತ್ರಿಗಳಂತೂ ಇದ್ದೇ ಇದ್ದಾರೆ.

ಸಾಹಿತ್ಯಕ್ಕೇನು ಸಂಬಂಧ ಅಂದವರಿಗೆ ಒಂದು ಮಾತು. ಹಳಗನ್ನಡ ಓದಿದ ನೀವು ಅಷ್ಟಾದಶ ವರ್ಣನೆ ಬಾಯಿಪಾಠ ಮಾಡಿದವರು, ಅದರಲ್ಲಿ ವನವಿಹಾರವೂ ಒಂದು. ಸುರಹೊನ್ನೆ, ಪಾದರಿ, ಬಕುಳ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೀರಿ. ಬಕುಳದ ಮರದ ಕೆಳಗೇ ನಿಮ್ಮನ್ನು ನಿಲ್ಲಿಸಿದರೆ ಗುರುತು ಹಿಡಿಯುತ್ತೀರಾ? ಸಿಟ್ಟು ಬೇಡ, ನಾನೂ ಹುಲಗಲ ಗುರುತಿಸದೆ ನಿಂತವನೇ.

ಇಂಗ್ಲೆಂಡಿಗೆ ಹೋಗುವವರನ್ನು ಹೀಯಾಳಿಸಲು ಇದನ್ನು ಬರೆದಿಲ್ಲ. ಯಾರಾದರೂ ಟಿಕೇಟು ಕೊಟ್ಟರೆ ಸ್ಟೌರ್‌ಹೆಡ್ ನೋಡಲು ನಾನೇ ಮೊದಲು ಓಡುತ್ತೇನೆ, ಪಾಸ್‌ಪೋರ್ಟ್ ಇಲ್ಲ ಅಷ್ಟೇ. ನನ್ನ ಸೂಚನೆ ಸಣ್ಣದು. ಐವತ್ತು ಜನರ ಒಂದು ಬಸ್ಸಿಗೆ ಬದಲು ಹನ್ನೆರಡು ಹನ್ನೆರಡು ಜನರ ನಾಲ್ಕು ತಂಡ, ನಾಲ್ಕು ಭಾನುವಾರ. ಊರ ಬಸ್ಸಿನಲ್ಲೇ ಹೋದರೆ ಖರ್ಚು ಹೋದ ವರ್ಷದ ಕಾಲು ಭಾಗವೂ ಆಗುವುದಿಲ್ಲ, ಲೆಕ್ಕ ಹಾಕಿಟ್ಟಿದ್ದೇನೆ, ಬೇಕಾದವರು ನೋಡಬಹುದು. ಉಳಿದ ದುಡ್ಡಿನಲ್ಲಿ ಪ್ರತಿ ತೋಟದಲ್ಲೂ ಅಲ್ಲಿ ಕೆಲಸ ಮಾಡುವ ಒಬ್ಬರಿಗೆ, ಕೆಲಸದ ಹೊತ್ತು ಬಿಟ್ಟು, ಒಂದು ತಾಸು ನಮಗೆ ತೋಟ ತೋರಿಸಿದ್ದಕ್ಕೆ ಗೈಡಿಗೆ ಕೊಡುವಷ್ಟೇ ಕೊಡಬೇಕು. ಅವರು ಹೇಳಿದ್ದನ್ನು ಅವರು ಒಪ್ಪಿದರೆ ಅವರ ಹೆಸರಿನೊಂದಿಗೆ ಈ ಪತ್ರಿಕೆಯಲ್ಲಿ ಹಾಕಬೇಕು.

ಕೂಟದ ಮುಂದಿನ ಸಭೆಯಲ್ಲಿ ಇದನ್ನು ಮತಕ್ಕೆ ಹಾಕುವುದಾಗಿ ಕಾರ್ಯದರ್ಶಿಗಳು ಒಪ್ಪಿದ್ದಾರೆ. ಸೋತರೆ ಲೋನಾವಳಾಕ್ಕೆ ನಾನೂ ಬರುತ್ತೇನೆ, ಅಂತ್ಯಾಕ್ಷರಿ ಹಾಡುತ್ತೇನೆ. ಆದರೆ ಅದಕ್ಕೂ ಮೊದಲು ಬರುವ ಭಾನುವಾರ ಬೆಳಿಗ್ಗೆ ಆ ತೋಟಕ್ಕೆ ಒಬ್ಬನೇ ಆದರೂ ಹೋಗುವವನಿದ್ದೇನೆ. ಇಂಡಿಯ ಆ ತಾಯಿಯ ಹೆಸರು ಕೇಳುವುದು ಬಾಕಿ ಇದೆ. ಜೊತೆಗೆ ಬರುವವರಿದ್ದರೆ ಏಳು ಗಂಟೆಗೆ ಕಾಲೇಜಿನ ಗೇಟಿನ ಹತ್ತಿರ ಇರಿ.