ಸುಟ್ಟ ಹತ್ತಿಯ ಡೀಬಗಿಂಗ್
ಹೋದ ಸೆಮ್‌ನಲ್ಲಿ ಕುಮಾರಸ್ವಾಮಿ ಲೇಔಟ್‌ನ ನಮ್ಮ ಪಿಜಿಯಲ್ಲಿ ಮೂವರು ಲ್ಯಾಬ್ ರೆಕಾರ್ಡ್ ಬದಿಗಿಟ್ಟು ವೇಪ್ ಟ್ಯಾಂಕ್ ಬಿಚ್ಚಿಕೊಂಡು ಕೂತಿದ್ರು. ಎಳೆದರೆ ಸುಟ್ಟ ವಾಸನೆ. ಹೊಸ ಕಾಯಿಲ್‌ನ ಹತ್ತಿ ನೆನೆಯೋಕೆ ಐದು ನಿಮಿಷವೂ ಕಾಯದೆ ಬಟನ್ ಒತ್ತಿದ್ದಾರೆ. ಒಣ ಹತ್ತಿ ಸುಡುತ್ತೆ, ಅತಿಯಾಗಿ ಕಾದ ಗ್ಲಿಸರಿನ್‌ನಿಂದ ಅಕ್ರೋಲಿನ್, ಫಾರ್ಮಾಲ್ಡಿಹೈಡ್ ಹುಟ್ಟುತ್ತೆ. ಮತ್ತೊಂದು ಕಾಯಿಲ್ ಹಾಕಿ, ಕಾದು, ವ್ಯಾಟ್ ಇಳಿಸಿದ್ರು. ಸರಿಹೋಯ್ತು. ಖುಷಿಯೋ ಖುಷಿ!

ನನ್ನ ತಕರಾರು ಆ ಖುಷಿಯ ಮೇಲೇ. ರಿಪೇರಿಯ ಹುಮ್ಮಸ್ಸಲ್ಲಿ ನಿಕೋಟಿನ್ ಮರೆತೇ ಹೋಗುತ್ತೆ. ಕರ್ನಾಟಕದಲ್ಲಿ 2016ರಲ್ಲಿ, ದೇಶದಲ್ಲೆಲ್ಲ 2019ರಲ್ಲಿ ಇದರ ಮಾರಾಟ ನಿಷೇಧವಾಯ್ತು. ಹಾಗಾಗಿ ಬಾಟಲಿ ಮೇಲಿನ ಮಿಲಿಗ್ರಾಂ ಅಂಕಿಗೆ ಇಲ್ಲಿ ಯಾವ ತಪಾಸಣೆಯೂ ಇಲ್ಲ. ಡೇಟಾಶೀಟ್ ಇಲ್ಲದ ಐಸಿನ ಬ್ರೆಡ್‌ಬೋರ್ಡ್‌ಗೂ ಹಾಕದವರು ನಾವು! ಆ ಮೂವರಲ್ಲಿ ಒಬ್ಬ ಈಗ ಇಂಟರ್ನಲ್ಸ್‌ನಲ್ಲಿ ಒಂದು ಗಂಟೆ ಕೂರೋಕೂ ಒದ್ದಾಡ್ತಾನೆ.